ಕಣಜದ ತಿರುವಿನ ಏಳನೇ ನೆರಳು

ಅಜ್ಜ ನಾಳೆ ಸೈಕಲ್ ಹತ್ತುತಾನಂತೆ ಕಣೇ, ಹೂಂ, ನಮ್ಮಜ್ಜಾನೇ, ಒನೆಸಿಮೊ, ಎಪ್ಪತ್ತೆಂಟು ವರ್ಷ, ಭುಜದೊಳಗೆ ತಗಡು ಹಾಕ್ಸ್ಕೊಂಡೋನು, ಡಾಕ್ಟರಮ್ಮ ಬೇಸಿಗೆವರೆಗೂ ಮುಟ್ಟಬೇಡ ಅಂದಿದಾಳೆ, ಅದಕ್ಕೆ ನಿಂಗೆ ಸೈಕಲ್ ಬರತ್ತಾ ಅಂತ ಅವಳನ್ನೇ ಕೇಳಿದಾನೆ, ಇರು, ಇನ್ನೂ ಇದೆ, ವರ್ಷದ ಮೊದಲ ಸವಾರಿಗೆ ಬಂದೇ ಬರ್ತೀನಿ, ನಾನು ಕೊನೇಲಿರ್ತೀನಿ, ಮುಂದೆ ಕಾಸಿಲ್ದಾ ಇರ್ಬೇಕು ಅಂತ ಬಾರಲ್ಲಿ ಎಲ್ಲರೆದುರು ಮೇಜು ಕುಟ್ಟಿ ಹೇಳಿದಾನೆ, ಕಾಸಿಲ್ದಾ ಅಂದ್ರೆ ನೀನು ಕಣೇ ಗೂಬೆ, ಕೇಳಿಸ್ತಾ — ಕೇಳಿಸ್ತು ಲೆಯೊ, ಕೇಳಿಸ್ತು, ಬೆಳಿಗ್ಗೆ ಹಾಸ್ಟೆಲಿನ ಹಾಸಿಗೆಯಲ್ಲಿ ಬಿದ್ದುಕೊಂಡೇ ಫೋನಿನಲ್ಲಿ ಕೇಳಿಸಿಕೊಂಡೆ, ಈಗ ಮಧ್ಯಾಹ್ನ ಮೂರೂವರೆ, ಪಾಲೆನ್ಸಿಯಾ ಸ್ಟೇಷನ್ನಿನಲ್ಲಿ ರೈಲಿನಿಂದ ಸೈಕಲ್ ಇಳಿಸಿ ಹದಿನಾಲ್ಕು ಕಿಲೋಮೀಟರ್ ತುಳಿದಾಯಿತು, ಇನ್ನೂ ಚಿಕ್ಕಪ್ಪನ ಮಗಳು ಲೆಯೊಳ ದನಿ ಹೆಲ್ಮೆಟ್ಟಿನೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಗುಂಯ್ ಅನ್ನುತ್ತಿದೆ, ಮುಂದೆ ಕಾಸಿಲ್ದಾ, ಮುಂದೆ ನಾನು, ಅದೂ ನಾನು — ಎಡಗಡೆಯಿಂದ ಗಾಳಿ, ಗಾಯೆಗೊ, ಪಡುವಣದ ಗಾಳಿಗೆ ನಮ್ಮ ಕಡೆ ಅದೇ ಹೆಸರು, ಒಳ್ಳೆಯ ನೆಂಟನ ಹಾಗೆ ಬಂದರೆ ನಾಲ್ಕು ದಿನ ಹೋಗುವುದಿಲ್ಲ, ಮೊಣಕಾಲೆತ್ತರದ ಬಾರ್ಲಿ ಪೂರ್ತಿ ಬಲಕ್ಕೆ ಮಲಗಿ ಏಳುತ್ತಿದೆ, ಹಸಿರು ಬೆಳ್ಳಿಯಾಗಿ ಮತ್ತೆ ಹಸಿರಾಗಿ, ಹಾ ಎಷ್ಟು ಚೆನ್ನಾಗಿದೆ, ನನ್ನ ರೂಮಿನ ಗೆಳತಿ ಕೊವಾದೊಂಗಾ ಇದನ್ನು ಒಮ್ಮೆ ನೋಡಬೇಕು, ಅಸ್ತೂರಿಯಾಸಿನ ಬೆಟ್ಟದವಳು, ನಿಮ್ಮೂರಲ್ಲಿ ಸೈಕಲ್ ಹೊಡೆಯೋಕೆ ಕಾಲು ಬೇಡ, ತೂಕಡಿಸದೆ ಇದ್ರೆ ಸಾಕು ಅಂತಾಳೆ, ಬಾರಮ್ಮ, ಒಂದು ದಿನ ಬಾ, ಬೆಟ್ಟಕ್ಕೆ ತುದಿ ಅಂತ ಒಂದಿರತ್ತೆ, ಅಲ್ಲಿ ನಿಂತು ಫೋಟೋ ತೆಗೆಸ್ಕೋತೀಯ, ಗಾಳಿಗೆ ಯಾವ ತುದಿ ಇದೆ ತೋರಿಸು ನೋಡೋಣ — ಮುಂದಿನ ಊರಿನ ಚರ್ಚಿನ ಗೋಪುರ ಅರ್ಧ ಗಂಟೆ ಮೊದಲೇ ಕಾಣುತ್ತದೆ, ಆ ಅರ್ಧ ಗಂಟೆ ಪೂರ್ತಿ ಅಷ್ಟೇ ಚಿಕ್ಕದಾಗಿ ಉಳಿಯುತ್ತದೆ, ಅದರ ಮೇಲಿನ ಕೊಕ್ಕರೆ ಗೂಡೂ ಅಷ್ಟೇ, ಬೇರೆಯವರು ಅಲ್ಲಿಗೇ ಎದೆಯೊಡೆದು ಹೋಗುತ್ತಾರೆ, ನಾವು ಹೋಗುವುದಿಲ್ಲ, ನಾವು ಕಿಂತರಾಸಾದವರು, ತೊಂಬತ್ತನಾಲ್ಕು ಜನರ ಊರು, ಅದರಲ್ಲಿ ಏಳು ಜನ ಸೈಕಲ್ಲಿನವರು, ಆ ಏಳು ಜನ ರಸ್ತೆಯಲ್ಲಿ ಬೀಸಣಿಗೆ ಬಿಚ್ಚಿದರೆ ನೋಡುವುದಕ್ಕೆ ಟ್ರ್ಯಾಕ್ಟರು ನಿಲ್ಲಿಸುತ್ತಾರೆ.

ಬೀಸಣಿಗೆ — ಗಾಳಿ ಎಡದಿಂದ ಬಂದರೆ ಮುಂದಿನವಳು ರಸ್ತೆಯ ನಡುಗೆರೆಗೆ ಹತ್ತಿಕೊಂಡು ಹೋಗಬೇಕು, ಎರಡನೆಯವರು ಅವಳ ಬಲಗಡೆ ಅರ್ಧ ಚಕ್ರ ಹಿಂದೆ, ಮೂರನೆಯವರು ಅವರ ಬಲಕ್ಕೆ ಇನ್ನರ್ಧ ಹಿಂದೆ, ಹೀಗೆ ಓರೆಯಾಗಿ ರಸ್ತೆಯ ಅಂಚಿನವರೆಗೆ, ಪ್ರತಿಯೊಬ್ಬರೂ ತಮ್ಮ ಎಡಗಡೆಯವರ ಮರೆಯಲ್ಲಿ, ಒಬ್ಬಳು ಗಾಳಿ ಕುಡಿದರೆ ಆರು ಜನಕ್ಕೆ ಉಸಿರು, ಎಷ್ಟು ಜನಕ್ಕೆ ಜಾಗ ಅನ್ನುವುದು ಮುಂದಿನವಳ ಕೈಯಲ್ಲಿ, ಅವಳು ಒಂದು ಮೊಳ ಬಲಕ್ಕೆ ಸರಿದರೆ ಮುಗಿಯಿತು, ಕೊನೆಯವನಿಗೆ ಮರೆಯಿಲ್ಲ, ಬರೀ ಜಲ್ಲಿ, ಆಮೇಲೆ ಚರಂಡಿ, ಅದಕ್ಕೆ ಬಾಗಿಲು ಹಾಕುವುದು ಅಂತಾರೆ, ಬೇರೆ ಊರಿನವರು ಸಾಲಿಗೆ ನುಗ್ಗಿದಾಗ ಹಾಕುವುದು, ನಮ್ಮವರಿಗೆ ಯಾರೂ ಹಾಕುವುದಿಲ್ಲ, ಹಾಕಿದವಳು ನಾನೊಬ್ಬಳೇ — ಹಾ ಬಂತು, ಆ ಯೋಚನೆ ಬಂದೇ ಬಿಟ್ಟಿತು, ಗೇರು ಬದಲಿಸು ಕಾಸಿಲ್ದಾ, ನೀರು ಕುಡಿ — ಅಜ್ಜ ನನಗೆ ಹದಿನಾಲ್ಕಾದಾಗ ಮುಂದೆ ನಿಲ್ಲಿಸಿದ, ಎರಡೇ ಮಾತು ಹೇಳಿದ, ಮುಂದಿರೋಳು ಹಿಂದೆ ತಿರುಗಿ ನೋಡಬಾರ್ದು, ಕೊನೇಲಿರೋನು ಕೂಗಿ ಜಾಗ ಕೇಳಬಾರ್ದು, ಮತ್ತೆ ಎಷ್ಟು ಜನ ಇದ್ದಾರೆ ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು ಅಜ್ಜ ಅಂದೆ, ಕಣ್ಣು ಯಾಕಿದೆ, ಹೊಲ ನೋಡು ಅಂದ, ನೋಡಿದೆ, ಎಡಗಡೆ ಹೊಲದ ಮೇಲೆ ಬೆಳಗಿನ ಬಿಸಿಲಿಗೆ ನಮ್ಮ ನೆರಳುಗಳು ಉದ್ದಕ್ಕೆ ಓಡುತ್ತಿದ್ದವು, ಒಂದು ಎರಡು ಮೂರು ನಾಲ್ಕು ಐದು ಆರು, ಆಮೇಲೆ ಏಳು, ಏಳನೆಯದು ಅಜ್ಜನದು, ಹೆಲ್ಮೆಟ್ಟಿನ ಕೆಳಗೆ ಹಾಕುವ ಹಳೆಯ ಬಟ್ಟೆ ಟೋಪಿಯ ಅಂಚನ್ನು ಮೇಲಕ್ಕೆ ಮಡಚಿರುತ್ತಾನಲ್ಲ, ನೆರಳಿನಲ್ಲಿ ಅದು ಕೊಕ್ಕಿನ ಹಾಗೆ ಕಾಣುತ್ತದೆ, ಹಣೆಯಿಂದ ಹೊರಟ ಕೊಕ್ಕು, ಆ ಕೊಕ್ಕು ಕಂಡರೆ ಲೆಕ್ಕ ಮುಗಿಯಿತು, ಎಲ್ಲರೂ ಇದ್ದಾರೆ ಅಂತ ಅರ್ಥ, ಆರು ವರ್ಷ ಹಾಗೇ ಎಣಿಸಿದೆ, ಉಳುಮೆಯ ಮೇಲೆ, ಕೂಳೆಯ ಮೇಲೆ, ಮಸೂರದ ಮೇಲೆ, ಹಿಮ ಬಿದ್ದಾಗ ಹಿಮದ ಮೇಲೆ, ಒಂದು ದಿನವೂ ತಪ್ಪಲಿಲ್ಲ, ಎಷ್ಟು ಜಂಬ ಇತ್ತು ನನಗೆ, ಈಗಲೂ ಇದೆ, ಇಲ್ಲ ಅಂತ ಯಾಕೆ ಹೇಳಲಿ.

ಹೋದ ಅಕ್ಟೋಬರ್, ವರ್ಷದ ಕೊನೆಯ ಸವಾರಿ, ಇದೇ ಗಾಳಿ, ಹೊಲದಲ್ಲಿ ಬರೀ ಕೂಳೆ, ಕಣಜದ ತಿರುವಿನಿಂದ ಊರಿಗೆ ಹನ್ನೊಂದು ಕಿಲೋಮೀಟರ್, ಕಣಜ ಅಂದರೆ ಸರ್ಕಾರ ಗೋಧಿ ತುಂಬಲು ಕಟ್ಟಿಸಿ ಬಿಟ್ಟುಹೋದ ಕಾಂಕ್ರೀಟಿನ ಗೋಪುರ, ಅದರ ಮಗ್ಗುಲಿಗೆ ಅಜ್ಜನ ಪಾರಿವಾಳದ ಮನೆ, ಹುಲ್ಲು ಬೆರೆಸಿದ ಮಣ್ಣಿನ ಗುಂಡು ಗೋಡೆ, ಕೆಲವು ಸಲ ಅಜ್ಜ ಸವಾರಿಯ ನಡುವೆಯೇ ಅಲ್ಲಿ ಇಳಿದುಬಿಡುತ್ತಾನೆ, ಯಾರಿಗೂ ಹೇಳುವುದಿಲ್ಲ, ಜೇಬಿನಿಂದ ಒಂದು ಹಿಡಿ ಕಾಳು ಚೆಲ್ಲಿ ಆಮೇಲೆ ನಿಧಾನಕ್ಕೆ ಬರುತ್ತಾನೆ, ನಾನು ತಿರುವು ದಾಟಿದೆ, ರಸ್ತೆ ಸ್ವಲ್ಪ ಎಡಕ್ಕೆ ಬಾಗಿತು, ಹೊಲ ನೋಡಿದೆ, ಒಂದು ಎರಡು ಮೂರು ನಾಲ್ಕು ಐದು ಆರು, ಕೊಕ್ಕಿಲ್ಲ, ಮತ್ತೆ ಎಣಿಸಿದೆ, ಆರು, ಓ ಪಾರಿವಾಳಕ್ಕೆ ಇಳಿದ ಅಂದುಕೊಂಡೆ, ಒಂದು ಮೊಳ ಬಲಕ್ಕೆ ಸರಿದೆ, ಅಷ್ಟೇ, ಹಿಂದೆ ತಿರುಗಿ ನೋಡಲಿಲ್ಲ, ಮುಂದಿರೋಳು ನೋಡಬಾರದು, ಕಾಲು ಅವತ್ತು ಹೇಗೆ ಓಡುತ್ತಿತ್ತು ಅಂದರೆ ಗಂಟೆಗೆ ನಲವತ್ತು, ನಲವತ್ತೆರಡು ಕಿಲೋಮೀಟರ್, ಯಾರದೋ ಎಂಜಿನ್ ಕದ್ದು ತಂದ ಹಾಗೆ, ಊರಿಗೆ ಬಂದು ನೀರಿನ ತೊಟ್ಟಿಯ ಹತ್ತಿರ ನಿಂತು ಕೂಗಿದೆ, ಹೆಂಗಿತ್ತು ಅಂತ ಕೂಗಿದೆ, ಲೆಯೊ ಹಿಂದೆ ನೋಡುತ್ತಿದ್ದಳು, ಅಜ್ಜ ಎಲ್ಲಿ ಅಂದಳು, ಪಾರಿವಾಳ ಅಂದೆ ನಾನು, ಇಲ್ವಲ್ಲೇ, ಎರಡು ಕಿಲೋಮೀಟರ್ ಹಿಂದಿನವರೆಗೂ ಜಲ್ಲಿ ಸದ್ದು ಕೇಳಿಸ್ತಿತ್ತು ನಂಗೆ, ಅವನೇ ಬೇಕಂತ ಸಾಲು ಬಿಟ್ಟು ಬರ್ತಿದಾನೆ ಅಂದ್ಕೊಂಡೆ — ತೊಟ್ಟಿಯ ಬಿಳಿ ಗೋಡೆಯ ಮೇಲೆ ಆರು ನೆರಳು, ಒಂದಕ್ಕೂ ಕೊಕ್ಕಿಲ್ಲ, ಆ ಗೋಡೆ, ಆ ಆರು, ಆಮೇಲೆ ಚರಂಡಿಯಲ್ಲಿ ಸಿಕ್ಕ, ಭುಜದ ಮೂಳೆ ಎರಡು ತುಂಡು, ಸೈಕಲ್ ಅವನ ಮೈಮೇಲೆ ಬಿದ್ದಿತ್ತು, ಟೋಪಿ ಮಾತ್ರ ತಲೆಯಲ್ಲೇ ಇತ್ತು, ಒಂಬತ್ತು ಕಿಲೋಮೀಟರ್ ಆ ಗಾಳಿಗೆ ಒಬ್ಬನೇ ಒಡ್ಡಿಕೊಂಡು ನಮ್ಮ ಚಕ್ರ ಬಿಡದೆ ಬಂದಿದ್ದ, ಎಪ್ಪತ್ತೇಳನೇ ವಯಸ್ಸಿನಲ್ಲಿ, ನಲವತ್ತೆರಡಕ್ಕೆ, ನಾನು ಹಾಕಿದ ಬಾಗಿಲಿನ ಆಚೆ, ಒಂದು ಸಲವೂ ಕೂಗದೆ, ಯಾರಜ್ಜ ಹಾಗೆ ಬರುತ್ತಾನೆ ಹೇಳಿ, ಯಾರಿಗಿದ್ದಾನೆ ಅಂಥ ಅಜ್ಜ — ಆಮೇಲೆ, ವಾರ ಕಳೆದ ಮೇಲೆ, ನಾನು ಓದುವ ವಯ್ಯಾದೊಲಿದ್‌ನಲ್ಲಿ ಬೋರಾದ ತರಗತಿಯಲ್ಲಿ ನೋಟ್‌ಬುಕ್ಕಿನ ಅಂಚಿಗೆ ಏಳು ಗೆರೆ ಓರೆಯಾಗಿ ಎಳೆದು, ಬಿಸಿಲು ಬರುವ ದಿಕ್ಕಿಗೆ ಸ್ಕೇಲು ಇಟ್ಟು ನೋಡಿದಾಗ ತಿಳಿಯಿತು, ಆ ತಿರುವಿನಲ್ಲಿ, ಆ ಹೊತ್ತಿಗೆ, ಸೂರ್ಯ ನಮ್ಮ ಓರೆ ಸಾಲಿನ ನೇರಕ್ಕೇ ಬರುತ್ತಾನೆ, ನೆರಳುಗಳು ಬೀಸಣಿಗೆ ಮುಚ್ಚಿದ ಹಾಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ, ಮೊದಲು ಸೇರುವುದು ಕೊನೆಯ ಎರಡು, ಆರು ಏಳು ಒಂದೇ ಆಗುತ್ತವೆ, ಅಜ್ಜನ ಕೊಕ್ಕು ಮುಂದಿನವನ ಬೆನ್ನೊಳಗೆ ಹೋಗಿತ್ತು, ಬಯಲಿನಲ್ಲಿ ಹುಟ್ಟಿ ಬಯಲಿನಲ್ಲಿ ಬೆಳೆದವಳಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಿರಲಿಲ್ಲ, ಥೂ.

ಕ್ರಿಸ್ಮಸ್ಸಿಗೆ ಹೋದಾಗ ಅಜ್ಜ ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ ಕೈ ಇಟ್ಟುಕೊಂಡು ಮೇಜಿನ ಆಚೆ ಕೂತಿದ್ದ, ನಾನು ಹೇಳಬೇಕು ಹೇಳಬೇಕು ಅಂತ ಎರಡು ದಿನ ತಟ್ಟೆ ನೋಡಿದೆ, ಆ ಬ್ರೆಡ್ ಇತ್ಲಾಗೆ ಕೊಡು ಅಂದ, ಕೊಟ್ಟೆ, ಅಷ್ಟೇ ಮಾತು, ಪರೀಕ್ಷೆ ಇದೆ ಅಂತ ಓಡಿಹೋದೆ, ಜನವರಿ ಪರೀಕ್ಷೆ, ಫೆಬ್ರವರಿ ಪರೀಕ್ಷೆ, ಇಲ್ಲದ ಪರೀಕ್ಷೆಗಳನ್ನೆಲ್ಲ ಬರೆದೆ — ಅಗೋ ಎರೆಭೂತ, ಮೂರು, ಮಸೂರದ ಹೊಲದಲ್ಲಿ ಯಾವುದೋ ಮದುವೆಗೆ ಹೊರಟ ದೊಡ್ಡ ಮನುಷ್ಯರ ಹಾಗೆ ಎದೆಯುಬ್ಬಿಸಿ ನಡೆಯುತ್ತಿವೆ, ಅಷ್ಟು ದಪ್ಪ ಹಕ್ಕಿ ಹಾರುತ್ತದೆ ಅಂದರೆ ಕೊವಾದೊಂಗಾ ನಂಬುವುದಿಲ್ಲ — ಹಿಂದಿನಿಂದ ಪೋಂ ಪೋಂ ಪೋಂ, ಉದ್ದಕ್ಕೆ ಮೂರು, ಬ್ರೆಡ್ ಗಾಡಿ, ದೊಮಿತಿಲಾ ಅತ್ತೆ, ಹನ್ನೊಂದು ಊರಿಗೆ ಬ್ರೆಡ್ ಹಂಚುವವಳು, ಭಾನುವಾರ ಸಾಲಿನಲ್ಲಿ ಐದನೆಯವಳು, ಆರನೆಯವನು ಅವಳ ಗಂಡ, ಗಾಡಿ ನನ್ನ ಪಕ್ಕಕ್ಕೆ ಬಂತು, ಕಿಟಕಿ ಇಳಿಯಿತು, ಬಿಸಿ ಬ್ರೆಡ್ಡಿನ ವಾಸನೆ ಗಾಳಿಗೆ ಸಿಕ್ಕಿ ನನ್ನ ಮುಖಕ್ಕೆ ಬಡಿಯಿತು, ಅಯ್ಯೋ ತಾಯಿ ಯಾರಿದು, ಕೊಲೆಗಾತಿ ಬಂದ್ಲಾ ಅಂದಳು, ಅತ್ತೆ ಹಂಗನ್ಬೇಡ ಅಂದೆ, ಯಾಕನ್ಬಾರ್ದು, ಊರೆಲ್ಲ ಹಂಗೇ ಅನ್ನತ್ತೆ, ನಿಮ್ಮಜ್ಜಾನೇ ಇಟ್ಟ ಹೆಸರು, ಬಾರಲ್ಲಿ ಕೂತ್ರೆ ಸಾಕು ಶುರು ಹಚ್ಕೊಳ್ತಾನೆ, ಅರವತ್ತು ವರ್ಷ ಸೈಕಲ್ ತುಳಿದೆ, ನನ್ನನ್ನ ಚರಂಡಿಗೆ ಹಾಕೋ ಗಂಡು ಹುಟ್ಲಿಲ್ಲ, ಕೊನೆಗೆ ನನ್ನ ರಕ್ತಾನೇ ಬರಬೇಕಾಯ್ತು, ಕಣಜ ದಾಟಿದ್ಳೋ ಇಲ್ವೋ ಪಟ್ ಅಂತ ಬಾಗಿಲು ಹಾಕಿದ್ಲು, ಹಿಂದೆ ತಿರುಗಿ ಸಹ ನೋಡ್ಲಿಲ್ಲ, ಅಜ್ಜ ಅಂತ ಇಲ್ಲ ಗಿಜ್ಜ ಅಂತ ಇಲ್ಲ ಅಂತ, ಎಲುಬಿನ ಫೋಟೋ ಬೇರೆ ಜೇಬಲ್ಲಿಟ್ಕೊಂಡು ತಿರುಗ್ತಾನೆ, ನೋಡಿ ನೋಡಿ ನಮ್ಮ ಹುಡುಗಿ ಮಾಡಿದ್ದು ಅಂತ ಪಾದ್ರಿಗೂ ತೋರಿಸಿದಾನೆ, ಬೇರೆ ಊರಿನೋರಿಗೂ ತೋರಿಸಿದಾನೆ, ಅವರು ಈಗ ನಿನ್ನ ಹೆಸರು ಹೇಳಿದ್ರೆ ಎರಡು ಚಕ್ರ ಹಿಂದೆ ಸರೀತಾರೆ — ನನಗೆ ನಗು ಬಂತೋ ಅಳು ಬಂತೋ, ಗಾಳಿಗೆ ಕಣ್ಣಲ್ಲಿ ನೀರು, ಮತ್ತೆ ಅವನಿಗೆ ಕೋಪ ಇಲ್ವಾ ಅತ್ತೆ, ಕೋಪಾನಾ, ಹುಚ್ಚಿ, ಎದೆ ಹಿಂಗುಬ್ಬಿದೆ ಮುದುಕಂಗೆ, ಹಿಡಿ ಇದನ್ನ, ಅಂತ ಕಿಟಕಿಯಿಂದ ಒಂದು ತುಂಡು ಬ್ರೆಡ್ ಚಾಚಿದಳು, ಓಡುತ್ತಲೇ ಹಿಡಿದೆ, ನಾಳೆ ನನಗೂ ನನ್ ಗಂಡಂಗೂ ಸ್ವಲ್ಪ ಜಾಗ ಬಿಡಮ್ಮ, ನಾವಿನ್ನೂ ಬದುಕ್ಬೇಕು, ಪೋಂ ಪೋಂ, ಹೋದಳು.

ಬ್ರೆಡ್ಡಿನ ಗಟ್ಟಿ ಸಿಪ್ಪೆ ಕಚ್ಚಿ ಕಚ್ಚಿ ತುಳಿಯುತ್ತಿದ್ದೇನೆ, ಎದೆ ನನಗೂ ಉಬ್ಬಿದೆ, ಸುಳ್ಳು ಹೇಳಲಾರೆ, ಬೇರೆ ಊರಿನವರು ಎರಡು ಚಕ್ರ ಹಿಂದೆ ಸರಿಯುತ್ತಾರಂತೆ, ನನ್ನ ಹೆಸರಿಗೆ, ಎರಡು ನಿಮಿಷ ಹಾಗೆ ರಾಣಿಯಂತೆ ಹೋದೆ, ಆಮೇಲೆ ಹಿಟ್ಟಿನೊಳಗಿನ ಕಲ್ಲು ಹಲ್ಲಿಗೆ ಸಿಕ್ಕಿತು, ಕಲ್ಲಲ್ಲ, ಆ ಮಾತು, ಬಾಗಿಲು ಹಾಕಿದ್ಲು, ಬೇಕಂತಲೇ ಹಾಕಿದಳು ಅಂತ ಅವನು ನಂಬಿದ್ದಾನೆ, ಅದಕ್ಕೇ ಹೆಮ್ಮೆ, ಐದು ತಿಂಗಳಿಂದ ಎಲುಬಿನ ಫೋಟೋ ತೋರಿಸಿ ಮೆರೆಯುತ್ತಿರುವ ಮುದುಕ, ಅಜ್ಜ, ಹಾಗಲ್ಲ, ನನಗೆ ಲೆಕ್ಕ ತಪ್ಪಿತು, ನೀನು ಇಲ್ಲ ಅಂದುಕೊಂಡೆ, ಅಂತ ಹೇಳಿದರೆ ಏನುಳಿಯಿತು ಅವನಿಗೆ, ಒಂದು ತಗಡು ಮತ್ತು ಮೊಮ್ಮಗಳ ಪೆದ್ದುತನ, ಹೇಳದಿದ್ದರೆ, ನಾಳೆ ಮತ್ತೆ ಮುಂದೆ ನಾನು, ಕೊನೆಗೆ ಅವನು, ಮಾರ್ಚ್ ತಿಂಗಳ ಸೂರ್ಯ ಅಕ್ಟೋಬರಿನ ಸೂರ್ಯ ಒಂದೇ ಕಡೆ ನಿಲ್ಲುತ್ತಾರೆ, ಅದೂ ಸ್ಕೇಲು ಇಟ್ಟು ನೋಡಿದ್ದೇನೆ, ಇನ್ನೊಂದು ಭುಜವೂ ಇದೆ ಅವನಿಗೆ — ಕಣಜ, ಬಂದೇ ಬಿಟ್ಟಿತು, ಬೂದು ಬಣ್ಣದ ಮೂಗು ಮುರಿದ ಗೋಪುರ, ಪಾರಿವಾಳಗಳು ಒಟ್ಟಿಗೆ ಎದ್ದು ಒಟ್ಟಿಗೆ ಕೂತವು, ತಿರುವು, ಇವತ್ತು ಸಾಯಂಕಾಲದ ಬಿಸಿಲು, ನೆರಳು ಬಲಕ್ಕಿದೆ, ಒಂದೇ ಒಂದು, ನನ್ನದು, ಚರಂಡಿಯ ಮೇಲೆ ಮುರಿದು ಆಚೆ ಹೊಲದಲ್ಲಿ ಮತ್ತೆ ನೆಟ್ಟಗಾಗಿ, ಬೇಕಂತಲೇ ರಸ್ತೆಯ ಬಲ ಅಂಚಿಗೆ ಹೋದೆ, ಅವನು ಇದ್ದ ಜಾಗಕ್ಕೆ, ಜಲ್ಲಿಗೆ, ಗಾಳಿ ಪೂರ್ತಿ ಎಡಕಿವಿಗೆ ಬಡಿಯಿತು, ಹ್ಯಾಂಡಲ್ ತಾನಾಗಿಯೇ ಅಲುಗಿತು, ಎರಡು ಕಿಲೋಮೀಟರ್, ಮೂರು, ತೊಡೆಗೆ ಬೆಂಕಿ, ಗಂಟೆಗೆ ಇಪ್ಪತ್ತರ ಓಟಕ್ಕೇ ನನಗಿದು ಹೀಗಿದ್ದರೆ, ಒಂಬತ್ತು ಕಿಲೋಮೀಟರ್ ನಲವತ್ತೆರಡಕ್ಕೆ ಅವನಿಗೆ ಹೇಗಿತ್ತು, ಹೇಳುತ್ತೇನೆ, ಇಲ್ಲ, ಹೇಳುವುದಿಲ್ಲ, ನಾಲ್ಕನೆಯ ಕಿಲೋಮೀಟರಿಗೆ ಹೇಳುವುದಿಲ್ಲ ಅಂತ ಪಕ್ಕಾ, ಆರನೆಯದಕ್ಕೆ ಅಳು, ಎಂಟಕ್ಕೆ, ಹೇಳಲೇಬೇಕು, ಈ ಊರಿನಲ್ಲಿ ಯಾರೂ ಯಾರಿಗೂ ಮೋಸದ ಗಾಳಿಮರೆ ಕೊಟ್ಟಿಲ್ಲ, ಒಂಬತ್ತಕ್ಕೆ ಚರಂಡಿ, ಇಲ್ಲೇ, ಹುಲ್ಲು ಮತ್ತೆ ಬೆಳೆದಿದೆ, ಏನೂ ಗೊತ್ತಾಗುವುದಿಲ್ಲ.

ತೊಟ್ಟಿಯ ಹತ್ತಿರ ಅವನಿದ್ದ, ಇರುತ್ತಾನೆ ಅಂತ ಗೊತ್ತಿತ್ತು, ಗೊತ್ತಿರಲಿಲ್ಲ, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ, ಬಲಗೈ ಭುಜದಿಂದ ಮೇಲೆ ಏಳದು, ಎಡಗೈಯಲ್ಲೇ, ಟೋಪಿ ಇತ್ತು, ತಲೆ ಎತ್ತದೆಯೇ, ಜಲ್ಲಿಯಲ್ಲಿ ಯಾಕೆ ಬಂದೆ, ಟೈರು ಹಾಳು ಅಂದ, ನಿಂಗೆ ಹ್ಯಾಗೆ ಗೊತ್ತು ಅಂದೆ, ಸದ್ದು ಕೇಳಿಸಲ್ವಾ, ಆ ಸದ್ದು ನಂಗೆ ಗೊತ್ತಿಲ್ವಾ, ನಕ್ಕ, ಕಾಲು ಹೆಂಗಿದೆ, ಚೆನ್ನಾಗಿದೆ, ಪರೀಕ್ಷೆ, ಮುಗೀತು, ಎಲ್ಲಾನೂ, ಎಲ್ಲಾನೂ ಅಜ್ಜ, ಹದಿನಾಲ್ಕು ಪರೀಕ್ಷೆ ಬರೆದ್ಯಂತೆ, ಮಂತ್ರಿ ಆಗ್ತೀಯ — ತೊಟ್ಟಿಯ ನೀರು ಕುಡಿದೆ, ತಣ್ಣಗೆ, ಹಲ್ಲು ಜುಮ್ಮೆಂದಿತು, ಅಜ್ಜ ಅವತ್ತು ಅಂದೆ, ಅವತ್ತು ಕಣಜದ ತಿರುವಲ್ಲಿ, ಸೂರ್ಯ — ಸಾಲಿನ ನೇರಕ್ಕೆ ಬಂದಿದ್ದ, ಅಂದ ಅವನು, ಪೆಡಲನ್ನು ಒಂದು ಸುತ್ತು ತಿರುಗಿಸಿ, ಚೈನು ಕಿರ್ ಅಂತ ಓಡಿತು, ಆ ಹೊತ್ತಿಗೆ ಅಲ್ಲಿ ಏಳು ಜನ ಆರಾಗ್ತಾರೆ, ಕೊನೇಲಿ ಇದ್ದೋನು ನಾನು, ನನ್ನ ನೆರಳು ದೊಮಿ ಗಂಡನ ಬೆನ್ನೊಳಗೆ ಹೋಗಿದ್ದು ನಂಗೆ ಕಾಣಲ್ವಾ, ಅದನ್ನ ನಿಂಗೆ ಹೇಳ್ಕೊಡೋದು ನಾನು ಮರ್ತಿದ್ದೆ, ಆರು ವರ್ಷದಲ್ಲಿ ಆ ಹೊತ್ತಿಗೆ ನಾವು ಅಲ್ಲಿಗೆ ಬಂದೇ ಇರ್ಲಿಲ್ಲ, ನೀನು ಅವತ್ತು ಹಂಗೆ ಓಡಿಸಿದ್ದಕ್ಕೆ ಬಂದ್ವಿ — ಮತ್ತೆ ಕೂಗ್ಬಾರ್ದಿತ್ತಾ ಅಜ್ಜ, ಒಂದು ಸಲ, ಕೂಗೋಕೆ ನಾನೇನು ಬೆಟ್ಟದೋನಾ ಅಂದ, ಮತ್ತೆ ಬಾರಲ್ಲಿ ಎಲ್ಲರಿಗೂ ನಾನು ಬೇಕಂತ್ಲೇ ಬಾಗಿಲು ಹಾಕಿದೆ ಅಂತ ಯಾಕೆ, ಆಗ ಎಣ್ಣೆ ಡಬ್ಬಿ ಕೆಳಗಿಟ್ಟ, ನೋಡಮ್ಮ, ಅಂದ, ಲೆಕ್ಕ ತಪ್ಪಿದ್ಲು ಅಂತ ಹೇಳಿದ್ರೆ ನಿನ್ನನ್ನ ಈ ಊರಲ್ಲಿ ಯಾರೂ ಇನ್ನು ಸಾಲಿನ ಮುಂದೆ ನಿಲ್ಲೋಕೆ ಬಿಡ್ತಿರ್ಲಿಲ್ಲ, ಅಜ್ಜನನ್ನೇ ಚರಂಡಿಗೆ ತಳ್ಳಿದ್ಲು ಅಂದ್ರೆ ಬಿಡ್ತಾರೆ, ನಮ್ಮ ಜನ ಹಂಗೇ, ನಾನು ನಮ್ಮ ಜನಾನ ನೋಡಿಲ್ವಾ, ಅಂತ ಜೇಬಿನಿಂದ ಎಲುಬಿನ ಫೋಟೋ ತೆಗೆದು ಬಿಸಿಲಿಗೆ ಹಿಡಿದು ತಾನೇ ಇನ್ನೊಮ್ಮೆ ನೋಡಿಕೊಂಡ, ಚೆನ್ನಾಗಿ ಬಂದಿದೆ ಅಂದ, ನಾನು ಅಳುತ್ತಿದ್ದೆ, ಮೂಗು ಸುರಿಯುತ್ತಿತ್ತು, ಗಾಳಿ ಗಾಳಿ ಅಂದೆ, ಹೌದು ಗಾಳಿ ಜಾಸ್ತಿ ಇದೆ ಅಂದ ಅವನೂ, ಮೇಲೇಳದ ಆ ಕೈಯಿಂದಲೇ ಸೈಕಲ್ಲನ್ನು ನೆಟ್ಟಗೆ ಮಾಡಲು ಹೋದ, ನಾನು ಹಿಡಿದುಕೊಳ್ಳಲು ಹೋದೆ, ಬಿಡು ಅಂದ, ಬಿಟ್ಟೆ, ತಾನೇ ನಿಲ್ಲಿಸಿದ, ನಾಳೆ ಎಂಟಕ್ಕೆ, ಇಲ್ಲೇ, ತೊಟ್ಟಿ ಹತ್ರ, ತಡ ಮಾಡ್ಬೇಡ, ಏಳು ಜನ — ಏಳು ಜನ ಅಜ್ಜ, ಎಂಟಕ್ಕೆ, ಬಿಳಿ ಗೋಡೆಯ ಮೇಲೆ ಸಂಜೆ ಬಿಸಿಲಿಗೆ ನನ್ನ ನೆರಳು, ಅದರ ಪಕ್ಕ ಅವನದು, ಒಂದಕ್ಕೊಂದು ತಾಗದೆ, ನಡುವೆ ಒಂದು ಮೊಳ ಬೆಳಕು, ಅವನು ತಲೆಯೆತ್ತಿ ಗಾಳಿ ಯಾವ ಕಡೆಯದು ಅಂತ ನೋಡುತ್ತಿದ್ದಾನೆ, ಗೋಡೆಯ ಮೇಲೆ ಕೊಕ್ಕು ನಿಧಾನಕ್ಕೆ ಮೇಲೇಳುತ್ತಿದೆ, ಹಣೆಯಿಂದ ಹೊರಟ ಕೊಕ್ಕು, ಕೊಕ್ಕು —